ಒಂದೇ ಸಲ ನೋಡಿ ಕಲಿತ ಸ್ಟೆಪ್ಪುಗಳು

ಬಾಯಲ್ಲಿ ಕರ್ಚೀಫು ಕಚ್ಚಿಕೊಂಡು ಪುಂಗಿ ಊದುವುದು. ಬಲಗೈ ಬೆರಳನ್ನು ಒಮ್ಮೆ ಆಕಾಶಕ್ಕೆ, ಒಮ್ಮೆ ನೆಲಕ್ಕೆ ತೋರಿಸಿ ಡಿಸ್ಕೊ ಮಾಡುವುದು. ಲುಂಗಿ ಎತ್ತಿ ಕಟ್ಟಿ, ನಾಲಿಗೆ ಮಡಿಚಿ ಕಚ್ಚಿ, ತಮಟೆ ಏಟಿಗೆ ಮಂಡಿ ಬಾಗಿಸುವುದು. ಬೆರಳ ತುದಿಯಿಂದ ಭುಜದವರೆಗೆ ಅಲೆ ಹರಿಸಿ, ಆ ‘ಕರೆಂಟ’ನ್ನು ಪಕ್ಕದವನ ಕೈಗೆ ದಾಟಿಸುವುದು. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕರ್ನಾಟಕದ ಯಾವುದೇ ಊರಲ್ಲಿ ಬೆಳೆದವರಿಗೆ ಇವನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದುತ್ತಿದ್ದಂತೆಯೇ ಒಬ್ಬ ಸೋದರಮಾವನೋ, ಒಬ್ಬ ಚಿಕ್ಕಪ್ಪನೋ, ಬೀದಿಯ ಒಬ್ಬ ಗೆಳೆಯನೋ ಕಣ್ಣ ಮುಂದೆ ಬಂದು ಸೊಂಟ ಸರಿಮಾಡಿಕೊಂಡು ನಿಂತಿರುತ್ತಾರೆ. ತುಟಿಯ ಅಂಚಿನಲ್ಲಿ ನಗುವೂ ಬಂದಿರುತ್ತದೆ.

ಆ ನಗು ಎಲ್ಲಿಂದ ಬರುತ್ತಿತ್ತು? ಆ ಸ್ಟೆಪ್ಪುಗಳನ್ನೆಲ್ಲ ನಾವು ಒಂದೇ ಸಲ ನೋಡಿ ಕಲಿತೆವಲ್ಲ, ಅದರಿಂದ ಎಂದೇ ನನ್ನ ನಂಬಿಕೆ. ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು ನೋಡಿದ ಹಾಡು ನಾಲ್ಕು ನಿಮಿಷ. ಅದರಲ್ಲಿ ನಾಯಕನ ಕಾಲು ಕಾಣಿಸುತ್ತಿದ್ದದ್ದು ತುಸು ಹೊತ್ತು ಮಾತ್ರ. ಉಳಿದಂತೆ ನಾಯಕಿಯ ಮುಖ, ಹೂವು, ಕಾರಂಜಿ, ಮೋಡ. ಟಿವಿ ಬಂದ ಮೇಲೆ ‘ಚಿತ್ರಹಾರ್’ ಬಂತು, ನಮ್ಮ ‘ಚಿತ್ರಮಂಜರಿ’ ಬಂತು. ಆದರೆ ಬೀದಿಗೊಂದು ಟಿವಿ. ಒಬ್ಬ ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತ “ಬಂತಾ?” ಎಂದು ಕೂಗುವುದು, ಕೆಳಗಿನಿಂದ ಹತ್ತು ಗಂಟಲು “ಇನ್ನೊಂಚೂರು, ಇನ್ನೊಂಚೂರು” ಎನ್ನುವುದು, ಚಿತ್ರ ಸರಿಹೋಗುವಷ್ಟರಲ್ಲಿ ಸ್ಟೆಪ್ಪು ಮುಗಿದು ಹಾಡು ಚರಣಕ್ಕೆ ಹೋಗಿಬಿಡುವುದು. ಹಿಂದಕ್ಕೆ ತಿರುಗಿಸಿ ನೋಡುವ ಉಪಾಯ ಇರಲಿಲ್ಲ. ಕಂಡದ್ದು ಅರ್ಧ. ಉಳಿದರ್ಧವನ್ನು ನಾವೇ ತುಂಬಿಕೊಳ್ಳಬೇಕು.

ಮಾರನೆಯ ದಿನ ಅರಳಿಕಟ್ಟೆಯ ಹತ್ತಿರ ಅದರದೇ ಪಂಚಾಯ್ತಿ.

“ಲೋ, ಹಂಗಲ್ಲ ಕಣೋ. ಎಡಗಾಲು ಮೊದ್ಲು.”

“ನೀನು ನೋಡಿದ್ದು ಒಂದ್ ಸಲ. ನಾನು ಎರಡು ಆಟ ನೋಡಿದೀನಿ. ಬಲಗಾಲೇ ಮೊದ್ಲು.”

ಕೊನೆಗೆ ಎರಡು ಆಟ ನೋಡಿದವನ ಮಾತೇ ಗೆಲ್ಲುತ್ತಿತ್ತು. ಅವನು ತೋರಿಸಿದ್ದೇ ನಮ್ಮ ಬೀದಿಯ ಡಿಸ್ಕೊ. ಪಕ್ಕದ ಬೀದಿಯದು ಬೇರೆ, ಪಕ್ಕದೂರಿನದು ಇನ್ನೂ ಬೇರೆ. ಗಣೇಶನ ಮೆರವಣಿಗೆಯಲ್ಲಿ ಎರಡು ಬೀದಿಯವರು ಎದುರಾದಾಗ ಒಂದೇ ಹಾಡಿಗೆ ಎರಡು ಬಗೆಯ ಕುಣಿತ. ಎರಡಕ್ಕೂ ಮೂಲದ ಸಿನಿಮಾ ಗುರುತು ಹಿಡಿಯುವುದು ಕಷ್ಟವಿತ್ತು, ಎರಡರಲ್ಲೂ ಹುರುಪು ಮಾತ್ರ ಒಂದೇ.

ಎಲ್ಲಕ್ಕಿಂತ ದೊಡ್ಡದು ನಾಗಿನ್ ಡ್ಯಾನ್ಸು. ನಮ್ಮ ಹಾಸನ ಸೀಮೆಯಲ್ಲಿ ವರಪೂಜೆಯ ಸಂಜೆ ಗಂಡಿನ ಮೆರವಣಿಗೆ ಹೊರಟರೆ, ತಲೆಯ ಮೇಲೆ ಪೆಟ್ರೋಮ್ಯಾಕ್ಸ್ ಹೊತ್ತವರು ಎರಡು ಸಾಲು, ನಡುವೆ ಬ್ಯಾಂಡ್‌ಸೆಟ್ಟು, ಹಿಂದೆ ಹೂವು ಸುತ್ತಿದ ಕಾರು. ಬ್ಯಾಂಡಿನವನು ಕ್ಲಾರಿನೆಟ್ಟಿನಲ್ಲಿ ಆ ರಾಗ ಎಳೆದ ತಕ್ಷಣ ಸೋದರಮಾವ ಜೇಬಿನಿಂದ ಕರ್ಚೀಫು ತೆಗೆಯುತ್ತಿದ್ದರು. ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಎರಡೂ ಕೈಯ ಬೆರಳುಗಳಲ್ಲಿ, ಎಳೆದು ಬಿಗಿ ಹಿಡಿದರೆ ಅದೇ ಪುಂಗಿ. ಕೆನ್ನೆ ಉಬ್ಬಿಸಿ, ಹುಬ್ಬು ಹಾರಿಸಿ, ಆ ಪುಂಗಿಯನ್ನು ಅತ್ತಿತ್ತ ಆಡಿಸುತ್ತ ಹಿಂದೆ ಹಿಂದೆ ಸರಿಯುವರು. ಎದುರಿಗೆ ಹಾವಾಗಲು ಮದುವೆ ಗಂಡಿನ ಗೆಳೆಯರಲ್ಲೇ ಒಬ್ಬ ಸಿದ್ಧ. ಎರಡೂ ಅಂಗೈ ಜೋಡಿಸಿ ಹಣೆಯ ಮುಂದೆ ಹೆಡೆ ಎತ್ತಿ, ಮಂಡಿಯೂರಿ, ಕೊನೆಗೆ ಬೆನ್ನ ಮೇಲೆ ಉರುಳಿ ರಸ್ತೆಯ ಮೇಲೇ ಹರಿದಾಡುವನು. ಅವನ ಹೊಸ ಬಿಳಿ ಶರಟು ಟಾರಿನ ಬಣ್ಣಕ್ಕೆ ತಿರುಗುತ್ತಿದ್ದರೆ ಕಾರಿನ ಪಕ್ಕದಿಂದ ಹಿರಿಯರ ದನಿ: “ಅಡುಗೆಯವರು ಕಾಯ್ತಾವ್ರೆ, ಮುಂದಕ್ಕೆ ನಡೀರಪ್ಪಾ!” ಯಾರೂ ನಡೆಯುತ್ತಿರಲಿಲ್ಲ. ಹಾವು ಮದುಮಗನ ತಮ್ಮನನ್ನು ಕಚ್ಚಬೇಕು, ಅವನು ಸಾಯಬೇಕು, ಮತ್ತೆ ಪುಂಗಿಗೆ ಎದ್ದು ಅವನೂ ಹಾವಾಗಬೇಕು. ಅಷ್ಟಾದ ಮೇಲೇ ಮೆರವಣಿಗೆ ಹತ್ತು ಹೆಜ್ಜೆ ಮುಂದೆ.

ಆ ರಾಗ 1954ರ ಹಿಂದಿ ಚಿತ್ರ ‘ನಾಗಿನ್’ನದು. ಸಂಗೀತ ಹೇಮಂತ್ ಕುಮಾರ್ ಅವರದು. ಹಾವಾಡಿಗರ ಪುಂಗಿ ಎಂದು ನಾಡೆಲ್ಲ ನಂಬಿದ ಆ ನಾದದಲ್ಲಿ ಪುಂಗಿಯೇ ಇಲ್ಲ. ಕ್ಲಾವಿಯೋಲಿನ್ ಎಂಬ ವಿದ್ಯುತ್ ಕೀಬೋರ್ಡಿನಲ್ಲಿ ಅದನ್ನು ನುಡಿಸಿದವರು ಮುಂದೆ ಕಲ್ಯಾಣ್‌ಜಿ–ಆನಂದ್‌ಜಿ ಜೋಡಿಯಿಂದ ಹೆಸರಾದ ಕಲ್ಯಾಣ್‌ಜಿ. ಜತೆಗೆ ಹಾರ್ಮೋನಿಯಂ ಹಿಡಿದವರು ರವಿ. ಪುಂಗಿಯನ್ನು ಕ್ಲಾವಿಯೋಲಿನ್ ಅನುಕರಿಸಿತು, ಕ್ಲಾವಿಯೋಲಿನ್ ಅನ್ನು ಬ್ಯಾಂಡಿನ ಕ್ಲಾರಿನೆಟ್ಟು ಅನುಕರಿಸಿತು, ಅದಕ್ಕೆ ನಮ್ಮ ಮಾವನ ಕರ್ಚೀಫು ಸೇರಿತು. ಕೈಯಿಂದ ಕೈಗೆ ಹೋದಷ್ಟೂ ಕುಣಿತ ಬೆಳೆಯಿತೇ ಹೊರತು ಕೆಡಲಿಲ್ಲ. 2018ರ ಮಾರ್ಚಿನಲ್ಲಿ ಕೊಲಂಬೊ ಮೈದಾನದಲ್ಲಿ ಬಾಂಗ್ಲಾದೇಶದ ಕ್ರಿಕೆಟಿಗರು ಗೆದ್ದ ಖುಷಿಗೆ ಹೆಡೆ ಎತ್ತಿ ಆಡಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ನೆನೆದದ್ದು ಸೋದರಮಾವನನ್ನೇ.

ಬ್ಯಾಂಡ್‌ಸೆಟ್ಟು ಮದುವೆಗಾದರೆ, ಗಣೇಶನಿಗೆ, ಊರ ಹಬ್ಬಕ್ಕೆ ತಮಟೆ. ತಮಟೆಗೆ ಸಿನಿಮಾ ಬೇಕಿರಲಿಲ್ಲ. ಹೊರಡುವ ಮುಂಚೆ ರಸ್ತೆ ಬದಿಯಲ್ಲಿ ಹುಲ್ಲಿಗೋ ಹಳೇ ಪೇಪರಿಗೋ ಬೆಂಕಿ ಹಚ್ಚಿ ಚರ್ಮ ಕಾಯಿಸುವರು. ಬೆರಳಲ್ಲಿ ತಟ್ಟಿ ನೋಡಿ, ನಾದ ಬಿಗಿಯಾಗುವವರೆಗೆ ಮತ್ತೆ ಉರಿಗೆ ಹಿಡಿಯುವರು. ಒಂದು ಕೈಯಲ್ಲಿ ದಪ್ಪ ಕಡ್ಡಿ, ಇನ್ನೊಂದರಲ್ಲಿ ಸಣ್ಣ ಉದ್ದನೆಯ ಕಡ್ಡಿ. ಮೊದಲ ‘ಡಂಡಣಕ’ ಬಿದ್ದರೆ ಸಾಕು, ವರ್ಷವಿಡೀ ಅಂಗಡಿ ಗಲ್ಲದಲ್ಲಿ ಗಂಭೀರವಾಗಿ ಕೂರುತ್ತಿದ್ದ ಯಜಮಾನರ ಹೆಗಲೂ ತಾನಾಗಿ ಮೇಲೆ ಕೆಳಗೆ ಆಗುತ್ತಿತ್ತು. ಲುಂಗಿ ಮೊಣಕಾಲಿಗೆ ಏರಿತು, ನಾಲಿಗೆ ಹಲ್ಲಿನ ನಡುವೆ ಸಿಕ್ಕಿತು, ಎರಡೂ ತೋರುಬೆರಳು ಎದ್ದವು ಎಂದರೆ ಟಪ್ಪಾಂಗುಚ್ಚಿ ಶುರು. ಅದರಲ್ಲಿ ತಪ್ಪು ಹೆಜ್ಜೆ ಎಂಬುದೇ ಇಲ್ಲ. ತಮಟೆಯವನು ಕುಣಿಯುವವನ ಕಾಲನ್ನೇ ನೋಡುತ್ತ ಬಾರಿಸುತ್ತಿದ್ದ. ಇವನು ತಗ್ಗಿದರೆ ಅವನೂ ತಗ್ಗಿ, ಇವನು ನೆಗೆದರೆ ಅವನೂ ನೆಗೆದು, ಇಬ್ಬರ ನಡುವೆ ಮಾತಿಲ್ಲದ ಪೈಪೋಟಿ ನಡೆಯುತ್ತಿತ್ತು. ನಾವೆಲ್ಲ ಕುಣಿದು ಮನೆಗೆ ಹೋಗಿ ಮಲಗಿದೆವು. ಬೆಳಗಿನ ಜಾವದವರೆಗೆ ಬಾರಿಸಿದವರು ಅವರು. ಅವರ ಕಲೆಗೆ ದೊಡ್ಡ ಗೌರವ ಸಿಕ್ಕಲು ಬಹಳ ಕಾಲ ಹಿಡಿಯಿತು. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, ಆ ಏಟಿಗೆ ಒಮ್ಮೆಯಾದರೂ ಕುಣಿದ ನಮ್ಮಂಥವರಿಗೆಲ್ಲ ಸ್ವಂತ ಮನೆಯವರಿಗೆ ಬಂದಷ್ಟು ಸಂತೋಷವಾಯಿತು.

ಆಮೇಲೆ ಡಿಸ್ಕೊ ಬಂತು. 1977ರ ‘ಸ್ಯಾಟರ್ಡೆ ನೈಟ್ ಫೀವರ್’ನಲ್ಲಿ ಜಾನ್ ಟ್ರವೋಲ್ಟಾ ಬೆರಳೆತ್ತಿದ್ದನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಆದರೂ ಬೆರಳು ನಮ್ಮೂರಿಗೆ ಬಂದು ಮುಟ್ಟಿತು. 1980ರ ‘ಕುರ್ಬಾನಿ’ಯ ಹಾಡು, 1982ರ ‘ಡಿಸ್ಕೊ ಡ್ಯಾನ್ಸರ್’ನ ಮಿಥುನ್ ಚಕ್ರವರ್ತಿ, ಇವೆರಡು ಸಾಕಾದವು. ‘ಕುರ್ಬಾನಿ’ಯ ಆ ಹಾಡಿನ ಹಿಂದೆ ಇದ್ದವರು ಬಿದ್ದು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ, ಇಲ್ಲೇ ಗಿಟಾರ್ ಹಿಡಿದು ಬ್ಯಾಂಡ್ ಕಟ್ಟಿ, ಲಂಡನ್ನಿಗೆ ಹೋಗಿ, 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಮೂಲಕ ಲೋಕವನ್ನೇ ಕುಣಿಸಿದವರು. ಚಿತ್ರ ತೆಗೆದ ಫಿರೋಜ್ ಖಾನ್ ಕೂಡ ಹುಟ್ಟಿದ್ದು ಬೆಂಗಳೂರಿನಲ್ಲೇ. ಹಿಂದಿಯ ಡಿಸ್ಕೊ ಗಾಳಿ ಎಲ್ಲಿಂದಲೋ ಬೀಸಿತು ಎಂದು ನಾವು ಬೆರಗಾಗಿದ್ದೆವು, ಅದರ ಬೇರು ನಮ್ಮ ಕಂಟೋನ್ಮೆಂಟಿನ ಕಡೆಗೂ ಚಾಚಿತ್ತು.

ನಮ್ಮ ರಾಜಕುಮಾರ್ ಅದಕ್ಕಿಂತ ಮುಂಚೆಯೇ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡನ್ನು ತಾವೇ ಹಾಡಿ ಕುಣಿದಿದ್ದರು. ಆಗ ಅವರಿಗೆ 49 ವರ್ಷ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಮೈ ಅದು. ಕೈ ಎತ್ತಿದರೂ ಕತ್ತು ತಿರುಗಿಸಿದರೂ ಕಡೆಯ ಬೆಂಚಿನವನಿಗೆ ಕಾಣುವಂತೆ. ಆ ಹಾಡಿನಲ್ಲಿ ಅವರ ಮುಖದ ಮೇಲಿರುವ ಖುಷಿ ಮಗುವಿನದು. ಇಂಗ್ಲಿಷ್ ಬಾರದ ನಮ್ಮ ಚಿಕ್ಕಪ್ಪ ಆ ಹಾಡನ್ನು ತಮಗೆ ಕೇಳಿದ ಹಾಗೆ ಹಾಡುತ್ತ, ಬೆಲ್‌ಬಾಟಂ ಪ್ಯಾಂಟಿನ ಅಂಚಿನಿಂದ ಅಂಗಳ ಗುಡಿಸುತ್ತ, ಅಜ್ಜಿಯ ಸುತ್ತಲೂ ಕುಣಿಯುತ್ತಿದ್ದರು. ಅಜ್ಜಿ ಮೊರ ಕೆಳಗಿಟ್ಟು “ಅಣ್ಣಾವ್ರು ನೋಡಿದ್ರೆ ನಿನ್ನನ್ನೇ ಹಾಕ್ಕೊಂಡು ಪಿಚ್ಚರ್ ತೆಗೀತಾರೆ ಬಿಡೋ” ಎನ್ನುತ್ತಿದ್ದರು. ಚಿಕ್ಕಪ್ಪ ಅದನ್ನು ನಂಬಿದ್ದರು. ಅಜ್ಜಿಯೂ ನಂಬಿಯೇ ಹೇಳಿದ್ದರು ಎಂದು ನನಗೆ ಈಗ ಅನಿಸುತ್ತದೆ.

ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸಿನ ಸೊಗಸೇ ಬೇರೆ. ಅದನ್ನು ಕಲಿಸುತ್ತಿದ್ದವರು ಡ್ರಿಲ್ ಮೇಷ್ಟ್ರು. ಅವರಿಗೆ ಲೇಜಿಮ್ ಗೊತ್ತಿತ್ತು, ಡಂಬೆಲ್ಸ್ ಗೊತ್ತಿತ್ತು. ಆದ್ದರಿಂದ ಯಾವ ಹಾಡಾದರೂ ಪೀಪಿ ಊದಿ “ಒಂದ್, ಎರಡ್, ಮೂರ್, ನಾಕ್” ಎಂದೇ ಶುರು. ಪ್ರೇಮಗೀತೆಗೂ ಬಲಕ್ಕೆ ತಿರುಗು, ಎಡಕ್ಕೆ ತಿರುಗು. ಅದೇನೂ ಸಿನಿಮಾಕ್ಕೆ ದೂರವಿರಲಿಲ್ಲ ಅನ್ನಿ. 1967ರ ‘ಫರ್ಜ್’ನಿಂದ ಬಿಳಿ ಬೂಟು ತೊಟ್ಟು ಕುಣಿಯುತ್ತ ಬಂದ ಜಿತೇಂದ್ರ ಅವರ ಸ್ಟೆಪ್ಪುಗಳೂ ಅರ್ಧ ಡ್ರಿಲ್ಲೇ, ಅದಕ್ಕೇ ಅವು ಶಾಲೆಯ ಮೈದಾನಕ್ಕೆ ಅಷ್ಟು ಚೆನ್ನಾಗಿ ಒಗ್ಗಿದವು. 1983ರ ‘ಹಿಮ್ಮತ್‌ವಾಲಾ’ದಲ್ಲಿ ಕಡಲ ದಂಡೆ ತುಂಬ ಬಿಂದಿಗೆ ಜೋಡಿಸಿ ಅವರೂ ಶ್ರೀದೇವಿಯೂ ಕುಣಿದ ಮೇಲೆ, ನಮ್ಮ ಹುಡುಗಿಯರ ಡ್ಯಾನ್ಸಿಗೂ ಬಿಂದಿಗೆ ಬಂತು. ಹಿತ್ತಾಳೆ, ತಾಮ್ರ, ಪ್ಲಾಸ್ಟಿಕ್, ಮನೆಯಲ್ಲಿ ಏನಿತ್ತೋ ಅದು. ಡ್ಯಾನ್ಸ್ ಮುಗಿದ ಮೇಲೆ ವೇದಿಕೆಯ ಹಿಂದೆ ಅಮ್ಮಂದಿರು ಟಾರ್ಚ್ ಹಿಡಿದು, ಬಿಂದಿಗೆಯ ಕಂಠದ ಮೇಲೆ ಕೊರೆಸಿದ ಹೆಸರು ಓದಿ ಓದಿ ಒಬ್ಬರದನ್ನು ಒಬ್ಬರಿಗೆ ಹಂಚುತ್ತಿದ್ದರು. ಯಾರ ಮದುವೆಗೆ ಯಾರು ಉಡುಗೊರೆ ಕೊಟ್ಟದ್ದು ಎಂಬ ಚರಿತ್ರೆಯೆಲ್ಲ ಅಲ್ಲೇ ಹೊರಬರುತ್ತಿತ್ತು. ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲವಾಗಿ ಹಾಡು ಎಳೆದಾಡಿದರೆ ಇಡೀ ತಂಡವೂ ಅದರ ಜತೆ ನಿಧಾನವಾಗುತ್ತಿತ್ತು, ಬೆಲ್ಟು ಹಿಡಿದುಕೊಂಡರೆ ಎಲ್ಲರೂ ಒಮ್ಮೆಲೇ ಚುರುಕು. ಕರೆಂಟೇ ಹೋದರೆ? ಮೇಷ್ಟ್ರ ಪೀಪಿ ಇತ್ತಲ್ಲ. ಕತ್ತಲಲ್ಲೇ ನಾಕರವರೆಗೆ ಎಣಿಸಿ ಮುಗಿಸಿ, ಚಪ್ಪಾಳೆ ಗಿಟ್ಟಿಸಿ ಕೆಳಗಿಳಿದವರು ನಮ್ಮ ಹುಡುಗಿಯರು.

ಹೆಂಗಸರ ಕುಣಿತ ಬೀದಿಗೆ ಬರುತ್ತಿರಲಿಲ್ಲ. ಅದರ ಜಾಗ ಚಪ್ಪರದ ರಾತ್ರಿಯ ನಡುಮನೆ. ಗಂಡಸರೆಲ್ಲ ಅಡುಗೆಭಟ್ಟರ ಒಲೆಯ ಕಡೆ ಹೋದ ಮೇಲೆ ಬಾಗಿಲಿಗೆ ಚಿಲಕ ಬೀಳುತ್ತಿತ್ತು. ಮಕ್ಕಳಾದ್ದರಿಂದ ನಮಗೆ ಒಳಗೆ ಜಾಗವಿತ್ತು. ದೊಡ್ಡಮ್ಮ ದೊಡ್ಡಪ್ಪನ ಪಂಚೆ ಉಟ್ಟು, ಅವರದೇ ಪೇಟ ಸುತ್ತಿ, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು, ಬೀಗರ ಯಜಮಾನರ ನಡಿಗೆಯನ್ನು ಹೂಬೇಹೂಬು ನಡೆದು ತೋರಿಸುವರು. ಅದು ಮುಗಿದ ಮೇಲೆ ಟ್ವಿಸ್ಟು. ದೊಡ್ಡಮ್ಮ ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಶಮ್ಮಿ ಕಪೂರ್ ಚಿತ್ರ ನೋಡಿದ್ದರು. ಅಷ್ಟೇ ಅವರ ಬಂಡವಾಳ. ಸೊಸೆಯಂದಿರಿಗೆ ಅವರು ಕಲಿಸುತ್ತಿದ್ದ ಕ್ರಮ ಹೀಗೆ: “ಕೈಯಲ್ಲಿ ಮಜ್ಜಿಗೆ ಕಡೀರಿ, ಕಾಲಲ್ಲಿ ಕೆಸರು ತುಳೀರಿ. ಅಷ್ಟೇ ಕಣ್ರೇ ಟ್ವಿಸ್ಟು.” 1960ರಲ್ಲಿ ಈ ಕುಣಿತವನ್ನು ಅಮೆರಿಕದಾದ್ಯಂತ ಹಬ್ಬಿಸಿದ ಚಬ್ಬಿ ಚೆಕರ್ ಕೂಡ ಹೆಚ್ಚುಕಡಿಮೆ ಹೀಗೆಯೇ ಕಲಿಸುತ್ತಿದ್ದ: ಟವೆಲ್ಲಿನ ಎರಡು ತುದಿ ಹಿಡಿದು ಮೈ ಒರೆಸಿಕೊಳ್ಳಿ, ಕಾಲಿನಲ್ಲಿ ಸಿಗರೇಟು ಹೊಸಕಿ. ಕಡೆಗೋಲಿನ ಹಗ್ಗ ಎಳೆಯುವಾಗ ಒಂದು ಕೈ ಮುಂದೆ, ಒಂದು ಕೈ ಹಿಂದೆ, ನಡುವೆ ಸೊಂಟ ತಾನಾಗಿ ತಿರುಗುತ್ತದೆ. ದೊಡ್ಡಮ್ಮನ ಪಾಠದಲ್ಲಿ ಕುಂದು ಹುಡುಕುವವರು ಒಮ್ಮೆ ಎದ್ದು ನಿಂತು ಮಾಡಿ ನೋಡಲಿ.

ಅಂದು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡು, “ಸಾಕು ನಿಲ್ಸೇ, ಹೊಟ್ಟೆ ಹಿಡ್ಕೊಂತು” ಎನ್ನುತ್ತಿದ್ದ ಆ ಹೆಂಗಸರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮದುವೆ ಮನೆಯ ಕೆಲಸಕ್ಕೆ ನಿಲ್ಲುವವರು. ಅವರ ಪಾಲಿಗೆ ವರ್ಷಕ್ಕೆ ಸಿಗುತ್ತಿದ್ದ ಬಿಡುವು ಅಂಥ ಕೆಲವು ರಾತ್ರಿಗಳೇ. ಅವರು ಅಷ್ಟು ಜೋರಾಗಿ ನಗುತ್ತಿದ್ದುದು ಏಕೆಂದು ಬೆಳೆದ ಮೇಲೆ ತಿಳಿಯಿತು.

ಎಂಬತ್ತರ ಕೊನೆಗೆ ನಮ್ಮ ಹುಡುಗರ ಕೈಕಾಲಿಗೆ ಹೊಸ ಹುಚ್ಚು ಹತ್ತಿತು. 1987ರಲ್ಲಿ ‘ಪ್ರೇಮಲೋಕ’ ಬಂದು, ಹಂಸಲೇಖರ ಹಾಡಿಗೆ ರವಿಚಂದ್ರನ್ ಮತ್ತವರ ಕಾಲೇಜು ಪಡೆ ಕುಣಿದದ್ದನ್ನು ನೋಡಿ, ಹಾಸ್ಟೆಲಿನ ಕಾರಿಡಾರುಗಳಲ್ಲಿ ಸಾಲು ಸಾಲಾಗಿ ನಿಂತು ಒಂದೇ ಕಡೆಗೆ ವಾಲುವ ಅಭ್ಯಾಸ ನಡೆಯಿತು. ಅದರ ಬೆನ್ನಿಗೇ ಬ್ರೇಕ್ ಡ್ಯಾನ್ಸು. ಮೈಕಲ್ ಜಾಕ್ಸನ್ 1983ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಮೂನ್‌ವಾಕ್ ಮಾಡಿ ಜಗತ್ತನ್ನು ದಂಗುಬಡಿಸಿದ್ದು ನಮ್ಮೂರಿಗೆ ಮುಟ್ಟಿದ್ದು ಪೋಸ್ಟರುಗಳ ಮೂಲಕ. ನಿಂತ ಚಿತ್ರ ನೋಡಿ ಜಾರುವ ನಡಿಗೆ ಕಲಿಯಬೇಕಿತ್ತು! ಆದರೂ ಕಲಿತವರಿದ್ದರು. ಹಿಂದಿನ ಕಾಲಿನ ಹಿಮ್ಮಡಿ ಎತ್ತಿ, ಭಾರವನ್ನೆಲ್ಲ ಆ ಕಾಲಿನ ಬೆರಳ ಮೇಲೆ ಹಾಕಿ, ಮುಂದಿನ ಪಾದವನ್ನು ನೆಲಕ್ಕೆ ಮಟ್ಟವಾಗಿಟ್ಟು ಹಿಂದಕ್ಕೆ ಜಾರಿಸಬೇಕು. ಅದು ಹಿಂದೆ ಬಂದ ಕ್ಷಣವೇ ಹಿಮ್ಮಡಿಗಳು ಅದಲುಬದಲಾಗಬೇಕು. ಹವಾಯಿ ಚಪ್ಪಲಿಯಲ್ಲಿ ಇದು ಆಗುವ ಮಾತಲ್ಲ. ಬರಿಗಾಲು ಅಂಟುತ್ತದೆ. ಗೆಳೆಯನ ಮನೆಯ ರೆಡ್ ಆಕ್ಸೈಡ್ ನೆಲ, ಕಾಲಿಗೆ ಶಾಲೆಯ ಸಾಕ್ಸು, ನೆಲಕ್ಕೆ ಉದುರಿಸಿದ ಕೇರಂ ಪೌಡರು, ಈ ಮೂರೂ ಕೂಡಿದ ಮಧ್ಯಾಹ್ನ ನಮ್ಮಲ್ಲೊಬ್ಬ ಅಡುಗೆಮನೆ ಬಾಗಿಲಿನಿಂದ ಹಜಾರದ ಕಂಬದವರೆಗೆ ಹಿಮ್ಮುಖವಾಗಿ ಜಾರಿಬಿಟ್ಟ. ನಾವು ಕೂಗಿದ ಕೂಗಿಗೆ ನಿದ್ದೆಯಿಂದೆದ್ದು ಬಂದ ಅವನ ತಾಯಿ, ಕೆಂಪು ನೆಲದ ಮೇಲಿನ ಬಿಳಿ ಪುಡಿ ನೋಡಿ ಬಯ್ಯಲು ಬಾಯಿ ತೆರೆದವರು, “ಇನ್ನೊಂದ್ ಸಲ ಮಾಡು, ನೋಡಣ” ಎಂದರು.

ಜಾಕ್ಸನ್ ಕೂಡ ಆ ನಡಿಗೆಯನ್ನು ತಾನೇ ಹುಟ್ಟಿಸಿದವನಲ್ಲ. ಬಿಲ್ ಬೇಲಿ ಎಂಬ ಟ್ಯಾಪ್ ನರ್ತಕ 1950ರ ದಶಕದಲ್ಲೇ ಅದನ್ನು ವೇದಿಕೆಯ ಮೇಲೆ ಮಾಡಿದ್ದ. ಜಾಕ್ಸನ್ ಬೀದಿಯ ನರ್ತಕರಿಂದ ಕಲಿತ. ನಮ್ಮ ಅಮಿತಾಭ್ ಬಚ್ಚನ್ ಅವರ ಸಾವಧಾನದ ಕುಣಿತದ ಹಿಂದೆ 1951ರ ‘ಅಲ್‌ಬೇಲಾ’ದ ಭಗವಾನ್ ದಾದಾ ಇದ್ದಾರೆ. ಮೈಸೂರು ಜಿಲ್ಲೆಯ ಮೂಗೂರಿನಿಂದ ಮದರಾಸಿಗೆ ಹೋದ ಸುಂದರ್ ಮಾಸ್ತರರ ಮನೆಯಲ್ಲಿ ಮಕ್ಕಳು ತಂದೆಯ ಹೆಜ್ಜೆ ನೋಡಿ ಬೆಳೆದರು. ಅವರಲ್ಲಿ 1973ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ, 1994ರ ‘ಕಾದಲನ್’ನಲ್ಲಿ ಮೈಯೇ ಕಾಣದೆ ಬರಿಯ ಟೋಪಿ, ಕೈಗವಸು, ಬೂಟುಗಳೇ ಕುಣಿಯುವ ಹಾಡಿನಿಂದ ದೇಶದ ಹುಡುಗರ ಮೂಳೆಗಳನ್ನೆಲ್ಲ ಸಡಿಲಿಸಿಬಿಟ್ಟರು. ಕುಣಿತ ನಡೆದುಕೊಂಡು ಬಂದಿರುವುದೇ ಒಬ್ಬರು ಇನ್ನೊಬ್ಬರನ್ನು ನೋಡಿ. ದೊಡ್ಡವರು ದೊಡ್ಡವರನ್ನು ನೋಡಿದರು, ನಾವು ಅವರನ್ನು ನೋಡಿದೆವು. ಅವರಿಗೆ ಅಭ್ಯಾಸಕ್ಕೆ ಹಜಾರಗಳಿದ್ದವು, ನಮಗೆ ಅಂಗಳವಿತ್ತು. ವ್ಯತ್ಯಾಸ ಅಷ್ಟೇ.

ಆ ದಿನಗಳ ನಗುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರೂ ಹೊರಗೆ ನಿಂತು ನಗುತ್ತಿರಲಿಲ್ಲ. ನಕ್ಕವನನ್ನು ಕೈಹಿಡಿದು ಒಳಕ್ಕೆ ಎಳೆಯುತ್ತಿದ್ದರು, ಮರುಕ್ಷಣ ಅವನೂ ಕುಣಿಯುತ್ತಿದ್ದ, ಅವನನ್ನು ನೋಡಿ ಇನ್ನೊಬ್ಬ ನಗುತ್ತಿದ್ದ. ಬ್ಯಾಂಕಿನ ಮ್ಯಾನೇಜರರೂ ಪಂಕ್ಚರ್ ಅಂಗಡಿಯ ಹುಡುಗನೂ ಒಂದೇ ತಮಟೆಯ ಮುಂದೆ ಅಕ್ಕಪಕ್ಕ ನಾಲಿಗೆ ಕಚ್ಚಿಕೊಂಡು ನಿಂತದ್ದನ್ನು ನೋಡಿದ್ದೇನೆ. ನಮ್ಮ ಸಮಾಜದಲ್ಲಿ ಅಷ್ಟು ಹತ್ತಿರ ನಿಲ್ಲಲು ಇಬ್ಬರಿಗೂ ಬೇರೆ ನೆಪವಿರಲಿಲ್ಲ.

ಇಂದಿನ ಮಕ್ಕಳು ನಮಗಿಂತ ಎಷ್ಟೋ ಚೆನ್ನಾಗಿ ಕುಣಿಯುತ್ತಾರೆ. ಬೇಕಾದ ಸ್ಟೆಪ್ಪನ್ನು ಮೊಬೈಲಿನಲ್ಲಿ ನಿಲ್ಲಿಸಿ, ನಿಧಾನ ಮಾಡಿ, ನೂರು ಸಲ ನೋಡಿ ಕಲಿಯುತ್ತಾರೆ. ಅವರ ಶ್ರಮ, ಶಿಸ್ತು ಎರಡೂ ಮೆಚ್ಚುವಂಥದ್ದೇ. ರಾಜಕುಮಾರ್ ಅವರ ಆ ಇಂಗ್ಲಿಷ್ ಹಾಡನ್ನು ಇಂದಿಗೂ ಹುಡುಕಿ ನೋಡುವವರು, ಅದಕ್ಕೆ ಹೆಜ್ಜೆ ಹಾಕುವವರು ಅವರೇ. ಆದರೆ ಮೈಸೂರಿನಲ್ಲೂ ಮೆಕ್ಸಿಕೊದಲ್ಲೂ ಸ್ಟೆಪ್ಪು ಒಂದೇ ಅಚ್ಚಿನಲ್ಲಿ ಬರುತ್ತದೆ. ಅಚ್ಚು ತಪ್ಪಿದಲ್ಲಿ ಹುಟ್ಟುತ್ತಿದ್ದ ಆ ಬೀದಿಯ ಡಿಸ್ಕೊ, ದೊಡ್ಡಮ್ಮನ ಮಜ್ಜಿಗೆ ಟ್ವಿಸ್ಟು, ಮಾವನ ಕರ್ಚೀಫಿನ ಪುಂಗಿ ಯಾವ ಕ್ಯಾಮೆರಾದಲ್ಲೂ ಸೆರೆಯಾಗಿಲ್ಲ. ಅವು ಉಳಿದಿರುವುದು ಅವುಗಳನ್ನು ಮಾಡಿದವರ ಮೈಯಲ್ಲಿ, ನೋಡಿದವರ ನೆನಪಿನಲ್ಲಿ. ಆ ಮೈಗಳಿಗೆ ಈಗ ವಯಸ್ಸಾಗಿದೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಮದುವೆಯಲ್ಲೋ ಗಣೇಶನ ಹಬ್ಬದಲ್ಲೋ ನಿಮ್ಮ ಮನೆಯ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆದು ಮುಗಿಸಬೇಡಿ. “ನಿಮ್ಮ ಕಾಲದ ಸ್ಟೆಪ್ಪು ಒಂದು ತೋರಿಸಿ” ಎಂದು ಕೇಳಿ. ಅವರು ಮೊದಲು ಬೇಡವೆನ್ನುತ್ತಾರೆ, ಎರಡನೇ ಸಲ ಕೇಳಿದರೆ ಎದ್ದು ನಿಲ್ಲುತ್ತಾರೆ. ಅವರು ತೋರಿಸಿದ್ದನ್ನು ಅವರ ಎದುರಿಗೇ ನೀವೂ ಮಾಡಿ, ಮಕ್ಕಳ ಕೈಯಲ್ಲೂ ಮಾಡಿಸಿ. ಹಳೆಯ ಕುಣಿತವನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.